ಬಾಡಿಗೆ ಮನೆ, ವದಂತಿ, ಗುಂಪು: ಹೊರಗಿನವರ ಮೇಲಿನ ದ್ವೇಷ ಬೆಳೆಯುವ ಬಗೆ

(ಪದವಿ ಕಾಲೇಜೊಂದರ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರಿಗೆ ನೀಡಿದ ಉಪನ್ಯಾಸದ ಬರಹ ರೂಪ)

ಜನಾಂಗೀಯ ದ್ವೇಷ ಅಂದ ಕೂಡಲೇ ನಮ್ಮ ಯೋಚನೆ ಅಮೆರಿಕಕ್ಕೋ ದಕ್ಷಿಣ ಆಫ್ರಿಕಾಕ್ಕೋ ಹಾರಿಬಿಡುತ್ತದೆ. ನಾನು ಹೆಸರಘಟ್ಟ ರಸ್ತೆಯಿಂದ ಶುರು ಮಾಡುತ್ತೇನೆ.

2016ರ ಜನವರಿ 31, ಭಾನುವಾರ ರಾತ್ರಿ. ಬೆಂಗಳೂರಿನ ಉತ್ತರದ ಅಂಚಿನಲ್ಲಿ, ಸೋಲದೇವನಹಳ್ಳಿ ಠಾಣೆಯ ವ್ಯಾಪ್ತಿಯಲ್ಲಿ, ಸುಡಾನ್ ದೇಶದ ವಿದ್ಯಾರ್ಥಿಯೊಬ್ಬ ಓಡಿಸುತ್ತಿದ್ದ ಕಾರು ಒಬ್ಬ ಮಹಿಳೆಗೆ ಗುದ್ದಿತು. ಆಕೆ ತೀರಿಕೊಂಡರು. ಜನ ಸೇರಿದರು, ಸಿಟ್ಟಾದರು. ಅಲ್ಲಿಯವರೆಗಿನದು ನಮ್ಮ ಯಾವ ರಸ್ತೆಯಲ್ಲಾದರೂ ನಡೆಯುವಂಥದ್ದು. ಸುಮಾರು ಅರ್ಧ ಗಂಟೆಯ ಮೇಲೆ ಅದೇ ದಾರಿಯಲ್ಲಿ ಇನ್ನೊಂದು ಕಾರು ಬಂತು. ಅದರಲ್ಲಿದ್ದವರು ತಾಂಜಾನಿಯಾದ ಒಬ್ಬ ವಿದ್ಯಾರ್ಥಿನಿ ಮತ್ತು ಆಕೆಯ ಸ್ನೇಹಿತರು. ಅಪಘಾತದ ಸುದ್ದಿಯೂ ಅವರಿಗೆ ಗೊತ್ತಿರಲಿಲ್ಲ. ಗುಂಪು ಕಾರು ನಿಲ್ಲಿಸಿತು, ಒಳಗಿದ್ದವರನ್ನು ಹೊರಗೆಳೆದು ಹೊಡೆಯಿತು, ಆ ಹುಡುಗಿಯ ಬಟ್ಟೆ ಹರಿಯಿತು, ಕಾರಿಗೆ ಬೆಂಕಿ ಹಚ್ಚಿತು. ತಪ್ಪಿಸಿಕೊಳ್ಳಲು ಆಕೆ ಬಸ್ಸು ಹತ್ತಹೋದರೆ ಅಲ್ಲಿಂದಲೂ ಕೆಳಗೆ ತಳ್ಳಿದರು. ಮೈಮುಚ್ಚಿಕೊಳ್ಳಲು ಟೀ ಶರ್ಟ್ ಕೊಟ್ಟವನಿಗೂ ಏಟು ಬಿತ್ತೆಂದು ಪತ್ರಿಕೆಗಳಲ್ಲಿ ಬಂತು. ದೂರು ಕೊಡಲು ಹೋದಾಗ, ಅಪಘಾತ ಮಾಡಿದವನನ್ನು ಮೊದಲು ಕರೆತನ್ನಿ ಎಂದು ಪೊಲೀಸರು ಹೇಳಿದರೆಂದು ಆ ವಿದ್ಯಾರ್ಥಿಗಳು ಆಮೇಲೆ ದೂರಿದರು.

ಇದು ಜನಾಂಗೀಯ ದಾಳಿ ಅಲ್ಲ, ಅಪಘಾತಕ್ಕೆ ಬಂದ ಪ್ರತಿಕ್ರಿಯೆ ಎಂದು ಆಗಿನ ಗೃಹ ಸಚಿವರು ಹೇಳಿದರು. ಅವರು ಬೇಕಂತಲೇ ಸುಳ್ಳು ಹೇಳಿದರೆಂದು ನನಗೆ ಅನಿಸುವುದಿಲ್ಲ. ನಮ್ಮಲ್ಲಿ ಬಹಳಷ್ಟು ಜನ ಹಾಗೇ ಯೋಚಿಸುತ್ತೇವೆ. ಆದರೆ ನೋಡಿ: ಸುಡಾನಿನ ರಾಜಧಾನಿ ಖಾರ್ಟೂಮಿಗೂ ತಾಂಜಾನಿಯಾದ ದಾರ್ ಎಸ್ ಸಲಾಮ್‌ಗೂ ಸಾವಿರಾರು ಕಿಲೋಮೀಟರ್ ದೂರ. ಭಾಷೆ ಬೇರೆ, ಸರ್ಕಾರ ಬೇರೆ. ಕಾರು ಗುದ್ದಿದವನಿಗೂ ಏಟು ತಿಂದವಳಿಗೂ ಇದ್ದ ಸಂಬಂಧ ಮೈಬಣ್ಣವೊಂದೇ. ಒಬ್ಬ ಮಾಡಿದ ತಪ್ಪಿನ ಲೆಕ್ಕವನ್ನು ಅವನ ಹಾಗೆ ಕಾಣುವ ಇನ್ನೊಬ್ಬರ ಬೆನ್ನ ಮೇಲೆ ಚುಕ್ತಾ ಮಾಡುವುದು. ಇದಕ್ಕೆ ಜನಾಂಗೀಯ ದ್ವೇಷ ಎನ್ನದೆ ಬೇರೆ ಏನೆನ್ನಬೇಕೋ ನನಗೆ ತಿಳಿಯದು. ತುಮಕೂರಿನ ಲಾರಿ ಚಾಲಕನೊಬ್ಬ ಅಪಘಾತ ಮಾಡಿದರೆ ಅರ್ಧ ಗಂಟೆ ಬಿಟ್ಟು ಬಂದ ತುಮಕೂರಿನ ಇನ್ನೊಬ್ಬನನ್ನು ಯಾರೂ ಹಿಡಿದು ಹೊಡೆಯುವುದಿಲ್ಲ.

ಈಗ ಅಮೆರಿಕಕ್ಕೆ ಹೋಗೋಣ. 2017ರ ಫೆಬ್ರವರಿಯಲ್ಲಿ ಕಾನ್ಸಸ್ ರಾಜ್ಯದ ಒಲೇಥಾ ಎಂಬ ಊರಿನಲ್ಲಿ ಹೈದರಾಬಾದ್ ಕಡೆಯ ಒಬ್ಬ ಎಂಜಿನಿಯರ್ ಸಂಜೆ ಕೆಲಸ ಮುಗಿಸಿ ಗೆಳೆಯನ ಜೊತೆ ಬಾರಿನಲ್ಲಿ ಕೂತಿದ್ದ. ನನ್ನ ದೇಶ ಬಿಟ್ಟು ತೊಲಗು ಎಂದು ಕಿರುಚಿದವನೊಬ್ಬ ಗುಂಡು ಹಾರಿಸಿ ಕೊಂದ. ತಡೆಯಲು ಹೋದ ಅಮೆರಿಕದ ಒಬ್ಬ ತರುಣನೂ ಗುಂಡೇಟು ತಿಂದ, ಬದುಕಿಕೊಂಡ. ಕೊಂದವನು ಆಮೇಲೆ ಇನ್ನೊಂದು ಊರಿನ ಬಾರಿನಲ್ಲಿ ಹೇಳಿಕೊಂಡದ್ದು, ಇರಾನಿನವರಿಬ್ಬರಿಗೆ ಗುಂಡು ಹೊಡೆದೆ ಅಂತ. ಅದಕ್ಕೂ ಹಿಂದೆ, 1982ರಲ್ಲಿ, ಡೆಟ್ರಾಯಿಟ್ ಹತ್ತಿರ ಚೀನೀ ಮೂಲದ ಒಬ್ಬ ಅಮೆರಿಕನ್ನನನ್ನು ಇಬ್ಬರು ಬೇಸ್‌ಬಾಲ್ ಬ್ಯಾಟಿನಿಂದ ಹೊಡೆದು ಕೊಂದಿದ್ದರು. ಜಪಾನಿನ ಕಾರುಗಳಿಂದ ಅಮೆರಿಕದ ಕಾರ್ಖಾನೆಗಳಲ್ಲಿ ಕೆಲಸ ಹೋಗುತ್ತಿದ್ದ ಕಾಲ ಅದು. ಕೊಂದವರಿಬ್ಬರೂ ಕಾರು ಉದ್ಯಮದವರು, ಒಬ್ಬನಿಗೆ ಕೆಲಸವೂ ಹೋಗಿತ್ತು. ಚೀನೀ ಮೂಲದವನ ಮೇಲೆ ಜಪಾನಿನ ಸಿಟ್ಟು. ಅವರಿಗೆ ಬಿದ್ದ ಶಿಕ್ಷೆ 3,000 ಡಾಲರ್ ದಂಡ, ಮೂರು ವರ್ಷದ ಪ್ರೊಬೇಷನ್. ಒಂದು ದಿನವೂ ಜೈಲಿಲ್ಲ.

ಇಂಥ ಸುದ್ದಿ ಬಂದಾಗಲೆಲ್ಲ ನಾವು, ಛೆ, ತಪ್ಪು ತಿಳಿದು ಕೊಂದರು ಎನ್ನುತ್ತೇವೆ. ಹಾಗಾದರೆ ಅವನು ನಿಜಕ್ಕೂ ಇರಾನಿನವನೇ ಆಗಿದ್ದರೆ ಸರಿಹೋಗುತ್ತಿತ್ತೇ? ಈ ದ್ವೇಷಕ್ಕೆ ಸರಿಯಾದ ಮನುಷ್ಯನೇ ಸಿಗಬೇಕು ಅಂತ ಏನೂ ಇಲ್ಲ, ಕೈಗೆ ಸಿಕ್ಕವನು ಸಾಕು. 2008ರ ಮೇ ತಿಂಗಳಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಜಿಂಬಾಬ್ವೆ, ಮೊಜಾಂಬಿಕ್ ಮುಂತಾದ ದೇಶಗಳಿಂದ ಬಂದ ಕೂಲಿಕಾರರ ಮೇಲೆ ದಾಳಿಗಳಾದವು, 62 ಜನ ಸತ್ತರು. ಹೊಡೆದವರೂ ಕಪ್ಪು, ಹೊಡೆಸಿಕೊಂಡವರೂ ಕಪ್ಪು. ಹೊರಗಿನವರು ಯಾರೆಂದು ಪತ್ತೆ ಹಚ್ಚಲು ಮೊಣಕೈ ತೋರಿಸಿ ಜುಲು ಭಾಷೆಯಲ್ಲಿ ಅದಕ್ಕೇನಂತಾರೆ ಹೇಳು ಎಂದು ಕೇಳುತ್ತಿದ್ದರಂತೆ. ಸತ್ತವರಲ್ಲಿ ಮೂರನೇ ಒಂದು ಭಾಗ ದಕ್ಷಿಣ ಆಫ್ರಿಕಾದವರೇ.

ಅಷ್ಟು ದೂರ ಯಾಕೆ? ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಾಡುಗಳಲ್ಲಿ ಸಿದ್ದಿಗಳಿದ್ದಾರೆ. ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗೋವಾಕ್ಕೆ ಗುಲಾಮರನ್ನಾಗಿ ತಂದವರಲ್ಲಿ ಅನೇಕರು ಘಟ್ಟ ಹತ್ತಿ ತಪ್ಪಿಸಿಕೊಂಡು ಬಂದರು. ಇವರು ಅವರ ಪೀಳಿಗೆ. ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಶತಮಾನಗಳಿಂದ ಇಲ್ಲಿಯವರು. ಅಲ್ಲಿಂದ ಬಂದು ನನ್ನ ತರಗತಿಯಲ್ಲಿ ಓದುತ್ತಿದ್ದ ಹುಡುಗನೊಬ್ಬ ಬೆಂಗಳೂರಿಗೆ ಕೆಲಸ ಹುಡುಕಿಕೊಂಡು ಹೋದ. ರಜೆಗೆ ಬಂದವನು ಒಂದು ಕಥೆ ಹೇಳಿದ. ರಾತ್ರಿ ಮೆಜೆಸ್ಟಿಕ್ಕಿನ ಹತ್ತಿರ ತಪಾಸಣೆಗೆ ನಿಂತಿದ್ದ ಪೇದೆ ಇವನನ್ನು ತಡೆದು ‘ಪಾಸ್‌ಪೋರ್ಟ್, ಪಾಸ್‌ಪೋರ್ಟ್’ ಅಂದರಂತೆ. ಇವನು ‘ಸಾರ್, ನಮ್ದು ಯಲ್ಲಾಪುರ’ ಅಂದ. ಅವರು ಒಂದು ಕ್ಷಣ ಸುಮ್ಮನಾಗಿ, ಪಕ್ಕದವರನ್ನು ಕರೆದು, ‘ಏಯ್, ಬಾರೋ ಇಲ್ಲಿ, ನೀಗ್ರೋ ಎಷ್ಟ್ ಚೆನ್ನಾಗಿ ಕನ್ನಡ ಕಲ್ತಿದಾನೆ ನೋಡು’ ಅಂದರು. ಹೊಡೆಯಲಿಲ್ಲ, ಬೈಯಲಿಲ್ಲ, ಹೊಗಳಿದರು. ಅವನು ವೋಟರ್ ಕಾರ್ಡ್ ತೆಗೆದು ತೋರಿಸಿದ ಮೇಲೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇದನ್ನು ಎಲ್ಲಿ ಮಾಡಿಸಿದೆ ಅಂತ ಕೇಳಿದರು. ಹುಡುಗ ಈ ಕಥೆಯನ್ನು ನಗುತ್ತಲೇ ಹೇಳಿದ. ಈಗ ಮಾತ್ರ ಕಾರ್ಡನ್ನು ಅಂಗಿಯ ಮೇಲಿನ ಜೇಬಿನಲ್ಲೇ ಇಟ್ಟುಕೊಳ್ಳುತ್ತೇನೆ ಎಂದೂ ಸೇರಿಸಿದ. ಇಲ್ಲಿ ಕೂತಿರುವ ನಿಮ್ಮಲ್ಲಿ ಎಷ್ಟು ಜನ ಸಂಜೆ ವಾಕಿಂಗ್‌ಗೆ ವೋಟರ್ ಕಾರ್ಡ್ ಇಟ್ಟುಕೊಂಡು ಹೋಗುತ್ತೀರಿ?

ಇದೆಲ್ಲ ಎಲ್ಲಿಂದ ಬರುತ್ತದೆ? ಸಾಮಾನ್ಯವಾಗಿ ಕೊಡುವ ಉತ್ತರ ಅಜ್ಞಾನ. ಜನಕ್ಕೆ ತಿಳಿವಳಿಕೆ ಕಡಿಮೆ, ಹೇಳಿಕೊಟ್ಟರೆ ಸರಿಹೋಗುತ್ತಾರೆ ಎಂದು. ವಿಜ್ಞಾನ ಹೇಳಬೇಕಾದ್ದನ್ನು ಯಾವತ್ತೋ ಹೇಳಿಯಾಗಿದೆ. ಮನುಷ್ಯರ ನಡುವಿನ ಆನುವಂಶಿಕ ವ್ಯತ್ಯಾಸದಲ್ಲಿ ನೂರರಲ್ಲಿ ಸುಮಾರು 85 ಪಾಲು ಒಂದೊಂದು ಜನಸಮುದಾಯದ ಒಳಗೇ ಇದೆ, ಸಮುದಾಯಗಳ ನಡುವೆ ಇರುವುದು ಉಳಿದ ಸ್ವಲ್ಪ ಎಂದು ತಳಿವಿಜ್ಞಾನಿ ರಿಚರ್ಡ್ ಲೆವಾಂಟಿನ್ 1972ರಲ್ಲೇ ತೋರಿಸಿದರು. ಮೈಬಣ್ಣ ಬಿಸಿಲಿನ ಜೊತೆ ಮೈ ಮಾಡಿಕೊಂಡ ಹೊಂದಾಣಿಕೆ, ಅದರಿಂದ ಬುದ್ಧಿಯೋ ಗುಣವೋ ಗೊತ್ತಾಗುವುದಿಲ್ಲ. ಇದು ಪಠ್ಯಪುಸ್ತಕಗಳಲ್ಲಿದೆ. ಡಾಕ್ಟರು ಎಂಜಿನಿಯರುಗಳೆಲ್ಲ ಓದಿದ್ದಾರೆ. ಓದಿದ ಮೇಲೂ ಮ್ಯಾಟ್ರಿಮನಿ ಜಾಹೀರಾತಿನಲ್ಲಿ ಬಿಳುಪು ಬಣ್ಣದ ವಧು ಬೇಕು ಎಂದೇ ಹಾಕಿಸುತ್ತಾರೆ.

ಇನ್ನು ಕೆಲವರು ಇದು ಮನುಷ್ಯನ ಸ್ವಭಾವ ಎನ್ನುತ್ತಾರೆ. ಅದರಲ್ಲಿ ಒಂದಿಷ್ಟು ನಿಜವಿದೆ. ಹೆನ್ರಿ ತಾಜ್ಫೆಲ್ ಎಂಬ ಮನಶ್ಶಾಸ್ತ್ರಜ್ಞ 1970ರ ಹೊತ್ತಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಶಾಲಾ ಹುಡುಗರಿಗೆ ಇಬ್ಬರು ಕಲಾವಿದರ ಚಿತ್ರಗಳನ್ನು ತೋರಿಸಿ, ನಿಮಗೆ ಕ್ಲೀ ಇಷ್ಟ, ನಿಮಗೆ ಕ್ಯಾಂಡಿನ್ಸ್ಕಿ ಇಷ್ಟ ಎಂದು ಎರಡು ಗುಂಪು ಮಾಡಿದರು. ತಾನು ಯಾವ ಗುಂಪು ಎಂಬುದು ಬಿಟ್ಟರೆ, ಬೇರೆ ಯಾರು ಯಾವ ಗುಂಪಿನಲ್ಲಿದ್ದಾರೆಂದು ಹುಡುಗರಿಗೆ ಗೊತ್ತಿರಲಿಲ್ಲ. ದುಡ್ಡು ಹಂಚಿ ಎಂದಾಗ ತಮ್ಮ ಗುಂಪಿನ ಅನಾಮಿಕರಿಗೆ ಹೆಚ್ಚು ಹಂಚಿದರು. ಅಷ್ಟೇ ಆಗಿದ್ದರೆ ಸ್ವಾರ್ಥ ಅನ್ನಬಹುದಿತ್ತು. ಆದರೆ ಎದುರು ಗುಂಪಿಗಿಂತ ಮೇಲಿರುವುದಾದರೆ ತಮ್ಮ ಗುಂಪಿಗೆ ಸ್ವಲ್ಪ ಕಡಿಮೆ ಸಿಕ್ಕರೂ ಪರವಾಗಿಲ್ಲ ಎಂಬ ಲೆಕ್ಕ ಹಾಕಿದವರೂ ಇದ್ದರು. ಆಸ್ತಿ ಪಾಲಿನಲ್ಲಿ ಅಣ್ಣತಮ್ಮಂದಿರು ಹೀಗೆ ಮಾಡುವುದನ್ನು ನೋಡಿದವರಿಗೆ ಆಶ್ಚರ್ಯವಾಗಲಿಕ್ಕಿಲ್ಲ.

ನಾವು, ಅವರು ಎಂದು ಬೇರೆ ಮಾಡುವ ಗುಣ ಎಲ್ಲರಲ್ಲೂ ಇದೆ ಎಂದಿಟ್ಟುಕೊಳ್ಳಿ. ಆದರೂ ಗೆರೆ ಎಲ್ಲಿ ಬೀಳುತ್ತದೆ ಎಂಬುದು ಸ್ವಭಾವದಿಂದ ಬರುವುದಿಲ್ಲ. ಅದನ್ನು ಯಾರೋ ಎಳೆಯುತ್ತಾರೆ, ಎಳೆದವರಿಗೆ ಅದರಿಂದ ಲಾಭವಿರುತ್ತದೆ. ಆಗ ಇಂಗ್ಲಿಷರ ವಸಾಹತಾಗಿದ್ದ ಅಮೆರಿಕದ ವರ್ಜೀನಿಯಾದ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಹದಿನೇಳನೇ ಶತಮಾನದಲ್ಲಿ ಅಲ್ಲಿನ ಹೊಗೆಸೊಪ್ಪಿನ ತೋಟಗಳಲ್ಲಿ ಇಂಗ್ಲೆಂಡಿನಿಂದ ಬಂದ ಬಡ ಜೀತದಾಳುಗಳೂ ಆಫ್ರಿಕಾದಿಂದ ತಂದವರೂ ಒಟ್ಟಿಗೆ ದುಡಿಯುತ್ತಿದ್ದರು. 1676ರಲ್ಲಿ ದಂಗೆಯೆದ್ದು ಇಬ್ಬರೂ ಸೇರಿ ರಾಜಧಾನಿ ಜೇಮ್ಸ್‌ಟೌನಿಗೆ ಬೆಂಕಿ ಇಟ್ಟರು. ತೋಟದ ಧಣಿಗಳಿಗೆ ನಡುಕ ಹುಟ್ಟಿತು. ಆಮೇಲಿನ ಕಾನೂನುಗಳನ್ನು ಓದಿದರೆ ಗೆರೆ ಎಳೆಯುವ ಕೈ ಕಣ್ಣಿಗೆ ಕಾಣುತ್ತದೆ. ಗುಲಾಮ ತಾಯಿಯ ಮಗು ಗುಲಾಮ ಎಂಬ ನಿಯಮ 1662ರಿಂದಲೇ ಇತ್ತು. 1691ರಲ್ಲಿ ಕರಿಯರನ್ನು ಮದುವೆಯಾದ ಬಿಳಿಯರನ್ನು ವಸಾಹತಿನಿಂದ ಓಡಿಸುವ ಕಾನೂನು ಬಂತು. 1705ರ ಕಾನೂನಿನಲ್ಲಿ, ನ್ಯಾಯಾಧಿಕಾರಿಯ ಅಪ್ಪಣೆ ಇಲ್ಲದೆ ಬಿಳಿಯ ಕ್ರೈಸ್ತ ಆಳಿನ ಅಂಗಿ ಬಿಚ್ಚಿ ಚಾಟಿಯಿಂದ ಹೊಡೆಯಬಾರದು ಎಂದಿದೆ. ಗುಲಾಮನಿಗೆ ಈ ರಕ್ಷಣೆ ಇಲ್ಲ. ಬಿಳಿಯ ಬಡವನಿಗೆ ಬೆನ್ನ ಮೇಲೆ ಅಂಗಿ ಇರುವಂತೆ ಹೊಡೆಸಿಕೊಳ್ಳುವ ಹಕ್ಕು ಕೊಟ್ಟರು. ಅವನು ಅಷ್ಟಕ್ಕೇ ತಾನು ಮೇಲಿನವನು ಎಂದುಕೊಂಡ. ಕರಿಯರು ಹುಟ್ಟಾ ಕೀಳು ಎಂಬ ದೊಡ್ಡ ದೊಡ್ಡ ಸಿದ್ಧಾಂತಗಳನ್ನು ಪಂಡಿತರು ಬರೆದದ್ದು ಬಹುಮಟ್ಟಿಗೆ ಆಮೇಲೆ, ವ್ಯಾಪಾರ ಚೆನ್ನಾಗಿ ನಡೆಯಲು ಶುರುವಾದ ಮೇಲೆ. ಮೊದಲು ಏರ್ಪಾಟು, ಅದಕ್ಕೆ ಸಮರ್ಥನೆಯಾಗಿ ದ್ವೇಷ.

ನಮ್ಮಲ್ಲೂ ಇಂಥ ಪಂಡಿತರು ಬಂದಿದ್ದರು. 1901ರ ಜನಗಣತಿಯ ಮುಖ್ಯಸ್ಥ ಹರ್ಬರ್ಟ್ ರಿಸ್ಲಿ ಜನರ ಮೂಗಿನ ಉದ್ದಗಲ ಅಳೆಸಿ, ಮೂಗು ಅಗಲವಾದಷ್ಟೂ ಜಾತಿ ಕೆಳಗೆ ಎಂದು ಹೇಳಿದ ಮಹಾಶಯ. ಆ ಅಳತೆಯ ಪ್ರಕಾರ ನನ್ನ ಮೂಗು ನನ್ನನ್ನು ಎಲ್ಲಿಗೆ ಕಳಿಸುತ್ತಿತ್ತೋ! ಪಂಜಾಬಿನ ಬ್ರಾಹ್ಮಣನೂ ಪಂಜಾಬಿನ ಅಸ್ಪೃಶ್ಯನೂ ಒಂದೇ ಜನಾಂಗ, ಮದ್ರಾಸಿನ ಬ್ರಾಹ್ಮಣನೂ ಮದ್ರಾಸಿನ ಅಸ್ಪೃಶ್ಯನೂ ಒಂದೇ ಜನಾಂಗ ಎಂದು ಅಂಬೇಡ್ಕರ್ 1936ರಲ್ಲೇ ಈ ವಾದವನ್ನು ತಿರುಗಿಸಿ ಹೊಡೆದರು. ಜಾತಿ ಜನಾಂಗವಲ್ಲ, ಸರಿ. ಆದರೆ ಹೊರಗಿಡುವ ಕಸುಬು ಎರಡಕ್ಕೂ ಒಂದೇ. 2001ರಲ್ಲಿ ಡರ್ಬನ್‌ನಲ್ಲಿ ವಿಶ್ವಸಂಸ್ಥೆಯ ಜನಾಂಗೀಯತೆ ವಿರೋಧಿ ಸಮ್ಮೇಳನ ನಡೆದಾಗ ಜಾತಿಯ ವಿಷಯ ಅಲ್ಲಿ ಬರಕೂಡದು ಎಂದು ಭಾರತ ಸರ್ಕಾರ ಹಟ ಹಿಡಿಯಿತು. ನಾನು ಇದನ್ನು ಹೇಳುತ್ತಿರುವುದು ಸರ್ಕಾರವನ್ನು ದೂರಲಿಕ್ಕಲ್ಲ. ಆಫ್ರಿಕಾದವನಿಗೆ ಮನೆ ಕೊಡದೆ ಇರುವುದನ್ನು ಬೆಂಗಳೂರಿನ ಮಾಲೀಕ ಅಮೆರಿಕದಿಂದ ಕಲಿತಿಲ್ಲ ಎಂಬುದು ನನ್ನ ಮಾತು. ಅದು ನಮ್ಮ ಮನೆಯದೇ ವಿದ್ಯೆ.

ಮನೆ ಬಾಡಿಗೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನನ್ನ ಪ್ರಕಾರ ದ್ವೇಷದ ಕಾರ್ಖಾನೆ ಇರುವುದು ಅಲ್ಲಿ. ಬೆಂಗಳೂರಿನ ಪೂರ್ವ, ಉತ್ತರದ ಯಾವುದಾದರೂ ಬಡಾವಣೆಗೆ ಹೋಗಿ ಬ್ರೋಕರ್ ಹತ್ತಿರ ನಿಲ್ಲಿ. ಟು ಲೆಟ್ ಬೋರ್ಡುಗಳಿಗೇನೂ ಬರವಿಲ್ಲ. ‘ಫ್ಯಾಮಿಲಿನಾ, ಬ್ಯಾಚುಲರ್ಸಾ?’ ಆಮೇಲೆ ‘ವೆಜ್ಜಾ?’ ಆಮೇಲೆ ‘ಯಾವ ಕಡೆಯವರು ನೀವು?’ ಜಾತಿ ಯಾವುದೆಂದು ನೇರವಾಗಿ ಯಾರೂ ಕೇಳುವುದಿಲ್ಲ, ಎಲ್ಲರೂ ಸಭ್ಯರು. ಮೂರು ಪ್ರಶ್ನೆಯಲ್ಲಿ ಕೆಲಸ ಮುಗಿಯುತ್ತದೆ. ಕಾಂಗೋದ ಹುಡುಗ ಬಂದರೆ ಪ್ರಶ್ನೆಯೂ ಇಲ್ಲ. ‘ಓನರ್ ಒಪ್ಪಲ್ಲ ಬ್ರೋ.’ ಹತ್ತು ಮನೆಯಲ್ಲಿ ಹೀಗೆ ಹೇಳಿಸಿಕೊಂಡ ಮೇಲೆ ಹನ್ನೊಂದನೆಯವನು ಒಪ್ಪುತ್ತಾನೆ, ಆದರೆ ಪಕ್ಕದ ಮನೆಯವರು ಕೊಡುವುದಕ್ಕಿಂತ ಬಾಡಿಗೆ ಜಾಸ್ತಿ, ಅಡ್ವಾನ್ಸ್ ಜಾಸ್ತಿ, ಅಗ್ರಿಮೆಂಟ್ ಕೇಳಬಾರದು. ವಿದೇಶಿಯರಿಗೆ ಮನೆ ಕೊಟ್ಟವರು 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ಒಂದು ಫಾರಂ ಸಲ್ಲಿಸಬೇಕು. ಬಾಡಿಗೆಯನ್ನು ಲೆಕ್ಕದಲ್ಲಿ ತೋರಿಸಲು ಇಷ್ಟವಿಲ್ಲದ ಮಾಲೀಕ ಅದನ್ನೂ ಹಾಕುವುದಿಲ್ಲ. ಪೊಲೀಸರು ಬಂದಾಗ ಕಾಗದ ಸರಿಯಿಲ್ಲದವನು ಯಾರು? ಆ ಹುಡುಗ.

ಈಗ ಮುಂದಿನದು ನೋಡಿ. ಅಷ್ಟು ಬಾಡಿಗೆ ಒಬ್ಬನೇ ಕಟ್ಟಲಾರ. ಎರಡು ಕೋಣೆಯ ಮನೆಯಲ್ಲಿ ಆರು ಜನ ಸೇರುತ್ತಾರೆ. ಮನೆ ಕೊಡುವುದು ಎರಡೋ ಮೂರೋ ಬೀದಿಯಲ್ಲಿ ಮಾತ್ರವಾದ್ದರಿಂದ ಅವರ ದೇಶದವರೆಲ್ಲ ಅದೇ ಬೀದಿಗಳಲ್ಲಿ. ಆರು ಜನ ಹುಡುಗರಿರುವ ಮನೆ ಯಾವ ದೇಶದಲ್ಲೂ ಹತ್ತು ಗಂಟೆಗೆ ದೀಪ ಆರಿಸಿ ಮಲಗುವುದಿಲ್ಲ. ಆಗ ಮಾಲೀಕರು ಹೇಳುತ್ತಾರೆ, ‘ನಾನು ಮೊದಲೇ ಹೇಳಲಿಲ್ವಾ? ಇವರು ಗುಂಪುಗುಂಪಾಗಿ ಇರ್ತಾರೆ, ಗಲಾಟೆ ಮಾಡ್ತಾರೆ, ಕಾಗದ ಇರಲ್ಲ.’ ಮಾತು ನಿಜ. ಆ ನಿಜವನ್ನು ತಯಾರಿಸಿದವರು ಯಾರು ಎಂಬುದನ್ನು ಮಾತ್ರ ಬಿಟ್ಟುಬಿಡುತ್ತಾರೆ. ಒಬ್ಬ ಮಾದಕ ವಸ್ತು ಮಾರಿ ಸಿಕ್ಕಿಬಿದ್ದರೆ ಪತ್ರಿಕೆಯ ಶೀರ್ಷಿಕೆಯಲ್ಲಿ ಅವನ ದೇಶದ ಹೆಸರು ಇರುತ್ತದೆ. ಅದೇ ಕೇಸಿನಲ್ಲಿ ಸಿಕ್ಕ ನಮ್ಮವನ ಜಿಲ್ಲೆಯ ಹೆಸರು ಶೀರ್ಷಿಕೆಗೆ ಬರುವುದಿಲ್ಲ. ಇಷ್ಟೆಲ್ಲ ಹಿನ್ನೆಲೆ ಸಿದ್ಧವಾಗಿರುವ ಬೀದಿಯಲ್ಲಿ ಒಂದು ಅಪಘಾತವಾಗಬೇಕು, ಅಷ್ಟೇ.

ವದಂತಿ ಕೆಲಸ ಮಾಡುವುದೂ ಇಂಥ ನೆಲದಲ್ಲೇ. 2012ರ ಜುಲೈಯಲ್ಲಿ ಅಸ್ಸಾಮಿನ ಕೋಕ್ರಾಝಾರ್ ಸುತ್ತ ಬೋಡೊಗಳಿಗೂ ಬಂಗಾಳಿ ಮಾತಾಡುವ ಮುಸ್ಲಿಮರಿಗೂ ನಡುವೆ ಹಿಂಸೆಯಾಯಿತು. ಆಗಸ್ಟ್ ಮಧ್ಯದ ಹೊತ್ತಿಗೆ ಬೆಂಗಳೂರಿನಲ್ಲಿದ್ದ ಈಶಾನ್ಯ ರಾಜ್ಯಗಳವರ ಮೊಬೈಲುಗಳಿಗೆ ಎಸ್ಸೆಮ್ಮೆಸ್ಸುಗಳು ಬರತೊಡಗಿದವು. ಅದಕ್ಕೆ ಸೇಡು ತೀರಿಸಿಕೊಳ್ಳುತ್ತಾರೆ, ರಂಜಾನ್ ಮುಗಿಯುವುದರೊಳಗೆ, 20ನೇ ತಾರೀಖಿಗೆ ಮೊದಲು ಊರು ಬಿಡಿ ಎಂದು. ಆಗಸ್ಟ್ 15ರ ಸಂಜೆಗೆ ಮೆಜೆಸ್ಟಿಕ್ಕಿನ ರೈಲು ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೆಕ್ಯುರಿಟಿ ಗಾರ್ಡುಗಳು, ಹೋಟೆಲಿನ ಹುಡುಗರು, ಬ್ಯೂಟಿ ಪಾರ್ಲರಿನ ಹೆಣ್ಣುಮಕ್ಕಳು, ವಿದ್ಯಾರ್ಥಿಗಳು. ಗುವಾಹಟಿಗೆ ವಿಶೇಷ ರೈಲು ಬಿಟ್ಟರು. ಮೂರು ದಿನದಲ್ಲಿ ಹೊರಟವರು ಅಂದಾಜು 30,000 ಜನ. ಮಂತ್ರಿಗಳು ನಿಲ್ದಾಣಕ್ಕೆ ಹೋಗಿ ಹೋಗಬೇಡಿ ಎಂದರು, ಮುಸ್ಲಿಂ ಮುಖಂಡರು ಹೋಗಿ ನಿಮಗೆ ನಾವಿದ್ದೇವೆ ಎಂದರು. ಕೇಂದ್ರ ಸರ್ಕಾರ ಎಸ್ಸೆಮ್ಮೆಸ್ಸಿಗೆ ದಿನಕ್ಕೆ ಐದರ ಮಿತಿ ಹಾಕಿತು. ಜನ ರೈಲು ಹತ್ತುತ್ತಲೇ ಇದ್ದರು.

ಸುಳ್ಳು ಸುದ್ದಿಯಿಂದ ಹೀಗಾಯಿತು ಎಂದು ಎಲ್ಲರೂ ಬರೆದರು. ಅದು ಅರ್ಧ ಉತ್ತರ. ಅದೇ ಸಂದೇಶ ನಿಮಗೆ ಬಂದಿದ್ದರೆ ಏನು ಮಾಡುತ್ತಿದ್ದಿರಿ? ಪಕ್ಕದ ಮನೆಯ ಅಂಕಲ್‌ನ್ನು ಕೇಳುತ್ತಿದ್ದಿರಿ, ಠಾಣೆಯಲ್ಲಿ ಪರಿಚಯದವರಿದ್ದರೆ ಫೋನ್ ಮಾಡುತ್ತಿದ್ದಿರಿ, ಕೆಲಸದ ಜಾಗದಲ್ಲಿ ವಿಚಾರಿಸುತ್ತಿದ್ದಿರಿ. ನಾಲ್ಕು ವರ್ಷದಿಂದ ಅದೇ ಬೀದಿಯಲ್ಲಿದ್ದೂ ಚಿಂಕಿ ಎಂದು ಕೂಗಿಸಿಕೊಂಡು, ದೂರು ಕೊಡಲು ಹೋದರೆ ನೇಪಾಳದವಳಾ ಎಂದು ಕೇಳಿಸಿಕೊಂಡ ಹುಡುಗಿಗೆ ಕೇಳಲು ಯಾರಿದ್ದಾರೆ? ಅವಳಿಗೆ ಇದ್ದದ್ದು ಅವಳ ಊರಿನವರೇ. ಅವರ ಮೊಬೈಲಿಗೂ ಅದೇ ಸಂದೇಶ ಬಂದಿತ್ತು.

ಆ ಸಾಲಿನಲ್ಲಿ ಕನ್ನಡಿಗರೂ ನಿಂತಿದ್ದೇವೆ, ಅದನ್ನು ಮರೆಯುವುದು ಬೇಡ. 1966ರಲ್ಲಿ ಶಿವಸೇನೆ ಹುಟ್ಟಿದ ಹೊಸತರಲ್ಲಿ ಮುಂಬಯಿಯಲ್ಲಿ ಅದರ ಮೊದಲ ಗುರಿ ದಕ್ಷಿಣದವರು, ಅದರಲ್ಲೂ ಉಡುಪಿ ಹೋಟೆಲಿನವರು. ಮರಾಠಿಗರ ಕೆಲಸ ಕಿತ್ತುಕೊಂಡರು ಎಂಬುದು ದೂರು. ಗೋವಾದಲ್ಲಿ ಮನೆ ಕಟ್ಟುವ, ರಸ್ತೆ ಹಾಕುವ, ಮೀನು ಹೊರುವ ವಿಜಯಪುರ, ಗದಗ, ಕೊಪ್ಪಳದ ಕೂಲಿಕಾರರನ್ನು ಘಾಟಿ ಎಂದು ಕೀಳಾಗಿ ಕರೆಯುತ್ತಾರೆ. ಊರಲ್ಲಿ ಕಳ್ಳತನವಾದರೆ ಮೊದಲ ಅನುಮಾನ ಅವರ ಮೇಲೆ. ನಮ್ಮವರಿಗೆ ಹೀಗಾದಾಗ ಸಿಟ್ಟು ಬರುತ್ತದೆ, ಬರಬೇಕು. ಆದರೆ 2016ರ ಸೆಪ್ಟೆಂಬರಿನಲ್ಲಿ ಕಾವೇರಿ ಗಲಾಟೆಯಲ್ಲಿ ಬೆಂಗಳೂರಿನಲ್ಲಿ ತಮಿಳುನಾಡು ನೋಂದಣಿಯ ಹತ್ತಾರು ಬಸ್ಸುಗಳು ಸುಟ್ಟುಹೋದಾಗ ನಾವು ಏನಂದೆವು? ನಂಬರ್ ಪ್ಲೇಟಿನ ಎರಡು ಅಕ್ಷರ ಸಾಕಾಯಿತು.

ಪರಿಹಾರದ ಮಾತಿಗೆ ಬರುತ್ತೇನೆ. ಇಂಥ ಉಪನ್ಯಾಸಗಳಲ್ಲಿ ಈ ಹಂತಕ್ಕೆ ಬಂದಾಗ ಬಸವಣ್ಣನವರ ‘ಇವನಾರವ’ ವಚನ ಹೇಳುವುದು ವಾಡಿಕೆ. ನಾನು ಹೇಳುವುದಿಲ್ಲ. ವಚನದ ಮೇಲೆ ಬೇಸರವಲ್ಲ. ಹೆಸರಘಟ್ಟದ ಆ ಗುಂಪಿನಲ್ಲಿದ್ದ ಬಹಳಷ್ಟು ಜನ ಶಾಲೆಯಲ್ಲಿ ಅದನ್ನು ಬಾಯಿಪಾಠ ಮಾಡಿಯೇ ಬಂದವರು.

ಒಟ್ಟಿಗೆ ಇರಿಸಿದರೆ ಸರಿಹೋಗುತ್ತದೆಯೇ? ಹೇಗೆ ಒಟ್ಟಿಗೆ ಎಂಬುದರ ಮೇಲೆ ನಿಂತಿದೆ. ಇದಕ್ಕೆ ಒಂದು ಸೊಗಸಾದ ಪ್ರಯೋಗ ನಮ್ಮ ದೇಶದಲ್ಲೇ ಆಗಿದೆ. ಮ್ಯಾಟ್ ಲೋವ್ ಎಂಬ ಅರ್ಥಶಾಸ್ತ್ರಜ್ಞ 2017ರಲ್ಲಿ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಕ್ರಿಕೆಟ್ ಲೀಗ್ ನಡೆಸಿದರು. ಯುವಕರನ್ನು ಚೀಟಿ ಎತ್ತಿದ ಹಾಗೆ ಹಂಚಿ, ಕೆಲವು ತಂಡಗಳಲ್ಲಿ ಒಂದೇ ಜಾತಿಯವರು, ಕೆಲವದರಲ್ಲಿ ಬೇರೆ ಬೇರೆ ಜಾತಿಯವರು ಇರುವಂತೆ ಮಾಡಿದರು. ಲೀಗ್ ಮುಗಿದ ಮೇಲೆ ನೋಡಿದರೆ, ಬೇರೆ ಜಾತಿಯವರ ಜೊತೆ ಒಂದೇ ತಂಡದಲ್ಲಿ ಆಡಿದವರಿಗೆ ಆ ಜಾತಿಗಳಲ್ಲಿ ಹೆಚ್ಚು ಗೆಳೆಯರಾಗಿದ್ದರು. ಬೇರೆ ಜಾತಿಯವರ ತಂಡದ ಎದುರು ಆಡಿದವರಲ್ಲಿ ಇದಕ್ಕೆ ತದ್ವಿರುದ್ಧ. ಭೇಟಿಯಾಗುವುದೇ ಔಷಧ ಎನ್ನುವವರು ಈ ಎರಡನೇ ಭಾಗವನ್ನು ಗಮನಿಸಬೇಕು. ಎದುರಾಳಿಗಳಾಗಿ ಭೇಟಿ ಮಾಡಿಸಿದರೆ ಇದ್ದ ಅಂತರವೂ ಹೆಚ್ಚುತ್ತದೆ. ಇರಾಕಿನಲ್ಲಿ ಐಸಿಸ್ ದಾಳಿಯಿಂದ ಊರು ಬಿಟ್ಟ ಕ್ರೈಸ್ತರ ಫುಟ್‌ಬಾಲ್ ತಂಡಗಳಿಗೆ ಸಲ್ಮಾ ಮೂಸಾ ಎಂಬ ಸಂಶೋಧಕಿ ಮುಸ್ಲಿಂ ಆಟಗಾರರನ್ನು ಸೇರಿಸಿ ನೋಡಿದರು. ತಂಡದ ಮಟ್ಟಿಗೆ ಸ್ನೇಹ ಬೆಳೆಯಿತು, ತಿಂಗಳುಗಳ ಮೇಲೂ ಒಟ್ಟಿಗೆ ಅಭ್ಯಾಸ ಮಾಡುತ್ತಿದ್ದರು. ಮೈದಾನದ ಹೊರಗೆ, ಗುರುತಿಲ್ಲದ ಮುಸ್ಲಿಮರ ಬಗ್ಗೆ ಇದ್ದ ಅಂಜಿಕೆ ಅಷ್ಟಾಗಿ ಕರಗಲಿಲ್ಲ. ಆಟದಿಂದ ಎಲ್ಲವೂ ಆಗಿಬಿಡುತ್ತದೆ ಎಂದು ನಾನು ಹೇಳುತ್ತಿಲ್ಲ.

ಹಾಗಾದರೆ ಗಲಾಟೆಯ ದಿನ ಊರನ್ನು ಹಿಡಿದು ನಿಲ್ಲಿಸುವುದು ಯಾವುದು? ಅಶುತೋಷ್ ವಾರ್ಷ್ನೇಯ ಎಂಬ ರಾಜ್ಯಶಾಸ್ತ್ರಜ್ಞ ಪದೇ ಪದೇ ಕೋಮುಗಲಭೆಯಾಗುವ ಅಲಿಗಢವನ್ನೂ ಹೆಚ್ಚೂಕಡಿಮೆ ಅಷ್ಟೇ ಪಾಲು ಮುಸ್ಲಿಮರಿದ್ದೂ ಗಲಭೆಯಾಗದ ಕೋಯಿಕ್ಕೋಡನ್ನೂ ಹೋಲಿಸಿದರು. ಕೋಯಿಕ್ಕೋಡಿನಲ್ಲಿ ವರ್ತಕರ ಸಂಘ, ಕಾರ್ಮಿಕ ಸಂಘ, ವಾಚನಾಲಯ, ಕಲಾಸಂಘಗಳಲ್ಲಿ ಎರಡೂ ಕಡೆಯವರು ಸದಸ್ಯರು. ಅಲಿಗಢದಲ್ಲಿ ಅಂಥ ಸಂಘಗಳು ಕಡಿಮೆ. ಗಾಳಿಸುದ್ದಿ ಬಂದಾಗ ಸಂಘದ ಪದಾಧಿಕಾರಿಗಳು ಒಬ್ಬರಿಗೊಬ್ಬರು ಕೇಳಿ, ಅಂಥದ್ದೇನೂ ಇಲ್ಲ ಎಂದು ಅಲ್ಲೇ ಅಡಗಿಸುತ್ತಾರೆ. 2012ರಲ್ಲಿ ಮುಸ್ಲಿಂ ಹಿರಿಯರು ರೈಲು ನಿಲ್ದಾಣಕ್ಕೆ ಹೋದದ್ದು ದೊಡ್ಡ ಮನಸ್ಸಿನ ಕೆಲಸ. ಆದರೆ ಪ್ಲಾಟ್‌ಫಾರ್ಮಿನಲ್ಲಿ ನಿಂತವರು ಅವರ ಮುಖವನ್ನು ಅವತ್ತೇ ಮೊದಲು ನೋಡಿದ್ದು. ಅಪಾರ್ಟ್‌ಮೆಂಟಿನ ಅಸೋಸಿಯೇಷನ್ನು, ಹೋಟೆಲ್ ಕಾರ್ಮಿಕರ ಸಂಘ, ಸೆಕ್ಯುರಿಟಿ ಏಜೆನ್ಸಿಯ ಮೇಲ್ವಿಚಾರಕರು, ಇವರಲ್ಲಿ ಒಬ್ಬರಾದರೂ ಮಣಿಪುರದವರೋ ಮಿಜೋರಾಮಿನವರೋ ಇದ್ದಿದ್ದರೆ ಆ ವಾರ ಬೇರೆ ರೀತಿ ಇರಬಹುದಿತ್ತು.

ಸರ್ಕಾರ ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಬೈಲಕುಪ್ಪೆ ಇದೆ. 1960ರ ಆಸುಪಾಸಿನಲ್ಲಿ ಮೈಸೂರು ರಾಜ್ಯ ಟಿಬೆಟಿನ ನಿರಾಶ್ರಿತರಿಗೆ ಅಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಆಮೇಲೆ ಮುಂಡಗೋಡದಲ್ಲೂ ಶಿಬಿರವಾಯಿತು. ಜಮೀನು, ಶಾಲೆ, ಸಹಕಾರ ಸಂಘ ಎಲ್ಲ ಮೊದಲೇ ಯೋಚಿಸಿ ಮಾಡಿದ್ದು. ಸುತ್ತಲಿನ ಹಳ್ಳಿಗಳವರಿಗೆ ಅವರ ಮುಸುಕಿನ ಜೋಳದ ಹೊಲಗಳಲ್ಲಿ ಕೂಲಿ ಸಿಕ್ಕಿತು, ಅಂಗಡಿಗಳಿಗೆ ವ್ಯಾಪಾರವಾಯಿತು. ಅಸಮಾಧಾನ ಇರಲೇ ಇಲ್ಲ ಎಂದಲ್ಲ. ಆದರೂ ಬೇರೆ ಮುಖ, ಬೇರೆ ಭಾಷೆ, ಬೇರೆ ಧರ್ಮದ ಸಾವಿರಾರು ಜನ ಅರವತ್ತು ವರ್ಷ ಬಾಳಿದ್ದಾರೆ. ಅದೇ ಮುಂಡಗೋಡ ತಾಲ್ಲೂಕಿನ ಸಿದ್ದಿಗಳು ಮಾತ್ರ ಕಾಡಿನಂಚಿನಲ್ಲಿ ಉಳುತ್ತಿದ್ದ ತುಂಡು ನೆಲಕ್ಕೆ ಹಕ್ಕುಪತ್ರವಿಲ್ಲದೆ ದಶಕಗಟ್ಟಲೆ ಅಲೆದರು. ಅವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಬೇರೆ ದೇಶದಿಂದ ಬಂದವರಿಗೆ ಇಲ್ಲಿ ನೆಲೆಯಾಯಿತು, ಇಲ್ಲಿಯವರೇ ಆದವರನ್ನು ಪಾಸ್‌ಪೋರ್ಟ್ ಕೇಳುತ್ತಿದ್ದೇವೆ. ಟಿಬೆಟಿನವರಿಗೆ ಕೊಟ್ಟದ್ದು ತಪ್ಪು ಎಂದು ಯಾರೂ ಇದನ್ನು ಓದಿಕೊಳ್ಳಬಾರದು.

ಕಾನೂನಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ರಸ್ತೆಗಳಲ್ಲಿ ಭೇದ ಮಾಡಬಾರದೆನ್ನುತ್ತದೆ. ಬಾಡಿಗೆಗೆ ಕೊಡುವ ಮನೆ ಆ ಪಟ್ಟಿಯಲ್ಲಿಲ್ಲ. ಅಮೆರಿಕದಲ್ಲಿ ಅದಕ್ಕೆ 1968ರಲ್ಲೇ ಕಾನೂನು ಬಂತು. ದೆಹಲಿಯಲ್ಲಿ ಅರುಣಾಚಲದ ವಿದ್ಯಾರ್ಥಿಯೊಬ್ಬ 2014ರಲ್ಲಿ ಹಲ್ಲೆಯಿಂದ ಸತ್ತ ಮೇಲೆ ಕೇಂದ್ರ ಸರ್ಕಾರ ಬೆಜ್‌ಬರುವಾ ಸಮಿತಿ ಮಾಡಿತು. ಜನಾಂಗೀಯ ನಿಂದನೆಗೆ ದಂಡಸಂಹಿತೆಯಲ್ಲಿ ಹೊಸ ಕಲಮುಗಳು ಬೇಕು ಎಂದು ಸಮಿತಿ ಹೇಳಿತು, ಅವು ಬರಲಿಲ್ಲ. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಐದು ಅಥವಾ ಹೆಚ್ಚು ಜನ ಸೇರಿ ಜನಾಂಗ, ಜಾತಿ, ಹುಟ್ಟಿದ ಸ್ಥಳ, ಭಾಷೆ ಇಂಥ ಕಾರಣಕ್ಕೆ ಕೊಲೆ ಮಾಡಿದರೆ ಪ್ರತ್ಯೇಕ ಕಲಮು ಇದೆ. ಕೊಲೆಯಾದ ಮೇಲಿನ ಮಾತು ಅದು. ಕೊಲೆಗೆ ಮೊದಲಿನ ಅರ್ಧ ಗಂಟೆಯಲ್ಲಿ ಠಾಣೆಯ ಬಾಗಿಲಲ್ಲಿ ನಿಂತವರಿಗೆ ಏನು ಹೇಳುತ್ತಾರೆ ಎಂಬುದು ನನಗೆ ಅದಕ್ಕಿಂತ ಮುಖ್ಯ. ಹೆಸರಘಟ್ಟದ ಪ್ರಕರಣದಲ್ಲಿ ಕರ್ತವ್ಯಲೋಪಕ್ಕೆ ಪೊಲೀಸರನ್ನು ಅಮಾನತು ಮಾಡಿದ್ದು ಒಳ್ಳೆಯದಾಯಿತು.

ನಿಮ್ಮಲ್ಲಿ ಒಬ್ಬರು ಚೀಟಿಯಲ್ಲಿ ಬರೆದು ಕಳಿಸಿದ್ದಾರೆ: ‘ಸಾರ್, ಹೊರಗಿನವರಿಂದ ನಮ್ಮ ಹುಡುಗರಿಗೆ ಕೆಲಸ ಸಿಗುತ್ತಿಲ್ಲ, ಅವರು ಕನ್ನಡ ಕಲಿಯುವುದಿಲ್ಲ. ಇದನ್ನು ಹೇಳಿದರೂ ದ್ವೇಷವೇ?’ ಅಲ್ಲ. ಕೆಲಸದ ಚಿಂತೆ ನಿಜವಾದ ಚಿಂತೆ. ಡೆಟ್ರಾಯಿಟ್‌ನಲ್ಲೂ ಕೆಲಸ ಹೋದದ್ದು ನಿಜವೇ. 2024ರ ಜುಲೈಯಲ್ಲಿ ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ ನಮ್ಮ ಸಂಪುಟ ಒಪ್ಪಿಗೆ ಕೊಟ್ಟು ಎರಡೇ ದಿನದಲ್ಲಿ ತಡೆಹಿಡಿಯಿತು. ಅದು ಬೇಕೋ ಬೇಡವೋ ಜಗಳವಾಡಿ, ಶಾಸಕರನ್ನು ಕೇಳಿ, ಕಂಪನಿಗಳನ್ನು ಕೇಳಿ. ಬ್ಯಾಂಕಿನ ಕೌಂಟರಿನಲ್ಲಿ ಕನ್ನಡದಲ್ಲಿ ಉತ್ತರ ಬೇಕೆಂದು ಹಟ ಮಾಡುವುದು ನಿಮ್ಮ ಹಕ್ಕು. ಕಡಿಮೆ ಕೂಲಿಗೆ ಆಳು ಸಿಗುತ್ತಾರೆಂದು ದೂರದಿಂದ ತರಿಸಿಕೊಂಡವನು ಹವಾನಿಯಂತ್ರಿತ ಕೋಣೆಯಲ್ಲಿದ್ದಾನೆ, ಅವನನ್ನು ಬಿಟ್ಟು ಗೇಟಿನಲ್ಲಿ ನಿಂತ ವಾಚ್‌ಮನ್‌ನ ಕಪಾಳಕ್ಕೆ ಹೊಡೆದು ವಿಡಿಯೋ ಹಾಕಿದರೆ ನಮ್ಮ ಒಬ್ಬ ಹುಡುಗನಿಗೂ ಕೆಲಸ ಸಿಗುವುದಿಲ್ಲ. ವಾಚ್‌ಮನ್ ಊರಿಗೆ ಹೋದರೆ ಅವನಿಗಿಂತ ಕಡಿಮೆಗೆ ದುಡಿಯುವ ಇನ್ನೊಬ್ಬ ಬರುತ್ತಾನೆ.

ಇನ್ನೊಂದು ಚೀಟಿ: ‘ನಾವು ವಿದ್ಯಾರ್ಥಿಗಳು, ನಮ್ಮ ಕೈಯಲ್ಲಿ ಏನಾಗುತ್ತದೆ?’ ಒಳಗೆ ಬರುವಾಗ ನಿಮ್ಮ ನೋಟಿಸ್ ಬೋರ್ಡ್ ನೋಡಿದೆ. ಮುಂದಿನ ಶನಿವಾರ ಫುಟ್‌ಬಾಲ್ ಪಂದ್ಯವಂತೆ, ವಿದೇಶಿ ವಿದ್ಯಾರ್ಥಿಗಳ ತಂಡ ಮತ್ತು ಕಾಲೇಜು ತಂಡದ ನಡುವೆ, ಸೌಹಾರ್ದಕ್ಕಾಗಿ. ಅವರೂ ಇದೇ ಕಾಲೇಜಿನ ಫೀಸು ಕಟ್ಟಿದವರಲ್ಲವೇ? ಆ ಎರಡು ತಂಡಗಳನ್ನೂ ಒಡೆದು ಚೀಟಿ ಎತ್ತಿ ಹಂಚಿ, ಪ್ರತಿ ತಂಡದಲ್ಲಿ ಅರ್ಧರ್ಧ ಇರುವ ಹಾಗೆ. ದೈಹಿಕ ಶಿಕ್ಷಣದ ಮೇಷ್ಟ್ರು ಅಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ, ಹೋಗುವ ಮೊದಲು ಅವರನ್ನು ಹಿಡಿದುಕೊಳ್ಳಿ.